ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್

ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ (ಮಾರ್ಚ್ 27, 1845 – ಫೆಬ್ರವರಿ 10, 1923) ಕ್ಷ-ಕಿರಣಗಳನ್ನು ಕಂಡುಹಿಡಿದ ಜರ್ಮನ್ ಭೌತವಿಜ್ಞಾನಿ. 1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ತಮ್ಮ ಪ್ರಯೋಗಾಲಯದಲ್ಲಿ ಅವರು ಈ ಕಿರಣಗಳನ್ನು ಮೊದಲು ಗುರುತಿಸಿದರು. ಅದಕ್ಕಾಗಿ 1901ರಲ್ಲಿ ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ತಾವು ಕಂಡ ಕಿರಣಗಳು ಬೆಳಕಿನಂತೆ ಅಲೆಗಳೇ, ಅಲ್ಲವೇ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಿದರು. ದೊರೆಯಲಿಲ್ಲ, ದೊರೆಯಲಿಲ್ಲವೆಂದೇ ಬರೆದರು. ಆ ಉತ್ತರ ಬಂದದ್ದು 1912ರಲ್ಲಿ. ಲೇಸರ್ ಬೆಳಕಿನಂತೆ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ಸಾಗುವ ಪ್ರಬಲವಾದ ಕ್ಷ-ಕಿರಣಗಳನ್ನು ಮುಕ್ತ ಎಲೆಕ್ಟ್ರಾನ್ ಲೇಸರ್ ಎಂಬ ಯಂತ್ರ ಕೊಟ್ಟದ್ದು 2009ರಲ್ಲಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಂಟ್ಜೆನ್ ಹುಟ್ಟಿದ್ದು ಪ್ರಷ್ಯಾದ ರೈನ್ ಪ್ರಾಂತದ ಲೆನ್ನೆಪ್ ಎಂಬ ಊರಿನಲ್ಲಿ. ಅದು ಈಗ ಜರ್ಮನಿಯ ರೆಮ್‌ಶೈಡ್ ನಗರದ ಭಾಗ. ತಂದೆ ಫ್ರೀಡ್‌ರಿಕ್ ಬಟ್ಟೆ ವ್ಯಾಪಾರಿ. ತಾಯಿ ಷಾರ್ಲಟ್ ಕಾನ್‌ಸ್ಟಾನ್ಸ್ ಹಾಲೆಂಡಿನ ಕಡೆಯವರು. ತಂದೆತಾಯಿಗೆ ಇವರು ಒಬ್ಬರೇ ಮಗ. ಮಗುವಿಗೆ ಮೂರು ವರ್ಷವಾದಾಗ ಕುಟುಂಬ ಹಾಲೆಂಡಿನ ಆಪಲ್‌ಡೋರ್ನ್ ಪಟ್ಟಣಕ್ಕೆ ಹೋಗಿ ನೆಲೆಸಿತು.

1862ರಲ್ಲಿ ಅವರು ಉಟ್ರೆಕ್ಟ್ ನಗರದ ತಾಂತ್ರಿಕ ಶಾಲೆಯನ್ನು ಸೇರಿದರು. ಅಲ್ಲಿ ಯಾರೋ ಒಬ್ಬ ವಿದ್ಯಾರ್ಥಿ ಅಧ್ಯಾಪಕರೊಬ್ಬರ ವ್ಯಂಗ್ಯಚಿತ್ರ ಬರೆದ. ಬರೆದವನ ಹೆಸರನ್ನು ಹೇಳಲು ರಾಂಟ್ಜೆನ್ ಒಪ್ಪಲಿಲ್ಲ. ಪರಿಣಾಮವಾಗಿ ಶಾಲೆಯಿಂದ ಹೊರಬಿದ್ದವರು ಅವರೇ. ಚಿತ್ರ ಬರೆದದ್ದು ಅವರಲ್ಲ ಎಂಬುದೇ ಜೀವನಚರಿತ್ರೆಕಾರರ ಸಾಮಾನ್ಯ ನಿರೂಪಣೆ. ಶಾಲಾಂತ್ಯದ ಪ್ರಮಾಣಪತ್ರವಿಲ್ಲದೆ ವಿಶ್ವವಿದ್ಯಾನಿಲಯದಲ್ಲಿ ನಿಯತ ವಿದ್ಯಾರ್ಥಿಯಾಗಿ ಪ್ರವೇಶ ಸಿಗುತ್ತಿರಲಿಲ್ಲ. ಕೆಲಕಾಲ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಕೇವಲ ಶ್ರೋತೃವಾಗಿ ಕುಳಿತು ಪಾಠ ಕೇಳಿದರು. ಬಾಲ್ಯದ ಈ ಒಂದು ಘಟನೆ ಮುಂದೆ ಹತ್ತು ವರ್ಷ ಅವರನ್ನು ಬಿಡದೆ ಕಾಡಿತು.

ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ಪ್ರವೇಶಕ್ಕೆ ಪ್ರಮಾಣಪತ್ರವೇ ಬೇಕೆಂಬ ನಿರ್ಬಂಧವಿರಲಿಲ್ಲ. 1865ರಲ್ಲಿ ಅಲ್ಲಿಗೆ ಸೇರಿ, 1868ರಲ್ಲಿ ಯಂತ್ರ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದರು. ಉಷ್ಣಶಾಸ್ತ್ರದ ಕ್ಲಾಸಿಯಸ್ ಅವರ ಪಾಠಗಳನ್ನು ಕೇಳಿದ್ದೂ, ಆಗಸ್ಟ್ ಕುಂಟ್ ಅವರ ಪ್ರಯೋಗಾಲಯದಲ್ಲಿ ಕೈ ಪಳಗಿಸಿಕೊಂಡದ್ದೂ ಇಲ್ಲಿಯೇ. 1869ರಲ್ಲಿ ಅನಿಲಗಳನ್ನು ಕುರಿತ ಪ್ರಬಂಧಕ್ಕೆ ಜ್ಯೂರಿಕ್ ವಿಶ್ವವಿದ್ಯಾನಿಲಯ ಡಾಕ್ಟರೇಟ್ ಪದವಿ ನೀಡಿತು. ಎಂಜಿನಿಯರಾಗಲು ಬಂದವರನ್ನು ಭೌತವಿಜ್ಞಾನಕ್ಕೆ ತಿರುಗಿಸಿದವರು ಕುಂಟ್.

ವೃತ್ತಿಜೀವನ

ಕುಂಟ್ 1870ರಲ್ಲಿ ವುರ್ಟ್ಸ್‌ಬರ್ಗ್‌ಗೆ ಹೋದಾಗ ರಾಂಟ್ಜೆನ್ ಸಹಾಯಕರಾಗಿ ಅವರನ್ನು ಹಿಂಬಾಲಿಸಿದರು. ಆದರೆ ಶಾಲಾ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಆ ವಿಶ್ವವಿದ್ಯಾನಿಲಯ ಅವರಿಗೆ ಬೋಧನೆಯ ಅರ್ಹತೆಯನ್ನು ನಿರಾಕರಿಸಿತು. 1872ರಲ್ಲಿ ಗುರುಶಿಷ್ಯರಿಬ್ಬರೂ ಸ್ಟ್ರಾಸ್‌ಬರ್ಗ್ ಸೇರಿದರು. ಅಲ್ಲಿ 1874ರಲ್ಲಿ ಆ ಅರ್ಹತೆ ದೊರಕಿತು. ಬಳಿಕ ಹೋಹೆನ್‌ಹೈಮ್‌ನ ಕೃಷಿ ಅಕಾಡೆಮಿಯಲ್ಲಿ ಒಂದು ವರ್ಷ, ಮತ್ತೆ ಸ್ಟ್ರಾಸ್‌ಬರ್ಗ್, 1879ರಿಂದ ಗೀಸೆನ್. 1888ರಲ್ಲಿ ವುರ್ಟ್ಸ್‌ಬರ್ಗ್ ಅವರನ್ನು ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಒಮ್ಮೆ ಬಾಗಿಲು ಮುಚ್ಚಿದ ಅದೇ ವಿಶ್ವವಿದ್ಯಾನಿಲಯಕ್ಕೆ 1894ರಲ್ಲಿ ಅವರು ಕುಲಪತಿಯೂ ಆದರು.

ಕ್ಷ-ಕಿರಣಗಳ ಕೀರ್ತಿಯಲ್ಲಿ ಅವರ ಉಳಿದ ಕೆಲಸ ಮಸುಕಾಗಿದೆ. ಗೀಸೆನ್‌ನಲ್ಲಿದ್ದಾಗ, ವಿದ್ಯುತ್ ಕ್ಷೇತ್ರದಲ್ಲಿ ಚಲಿಸುವ ಅವಾಹಕ ವಸ್ತುವೂ ಕಾಂತಪರಿಣಾಮ ಉಂಟುಮಾಡುತ್ತದೆ ಎಂಬುದನ್ನು ಅವರು 1888ರಲ್ಲಿ ಪ್ರಯೋಗದಿಂದ ತೋರಿಸಿದರು. ಅತಿ ದುರ್ಬಲವಾದ ಆ ಪರಿಣಾಮವನ್ನು ಹಿಡಿಯಲು ಅಸಾಧಾರಣ ತಾಳ್ಮೆ ಬೇಕಿತ್ತು. ಅದಕ್ಕೆ ರಾಂಟ್ಜೆನ್ ಪ್ರವಾಹ ಎಂಬ ಹೆಸರು ಬಂದಿದೆ. ತಮ್ಮ ಉಪಕರಣಗಳನ್ನು ಬಹುಮಟ್ಟಿಗೆ ತಾವೇ ಕಟ್ಟಿಕೊಳ್ಳುತ್ತಿದ್ದರು, ಒಂಟಿಯಾಗಿ ಕೆಲಸ ಮಾಡುತ್ತಿದ್ದರು, ಖಚಿತವಾಗುವ ತನಕ ಯಾರೊಡನೆಯೂ ಬಾಯಿ ಬಿಡುತ್ತಿರಲಿಲ್ಲ.

1872ರ ಜನವರಿಯಲ್ಲಿ ಅವರು ಜ್ಯೂರಿಕ್‌ನ ಆನ್ನಾ ಬರ್ತಾ ಲುಡ್‌ವಿಗ್ ಅವರನ್ನು ವಿವಾಹವಾದರು. ಬರ್ತಾ ಅವರ ತಂದೆ ಆ ಊರಿನಲ್ಲಿ ಕಾಫಿ ಗೃಹ ನಡೆಸುತ್ತಿದ್ದರು. ವಯಸ್ಸಿನಲ್ಲಿ ಆಕೆ ರಾಂಟ್ಜೆನ್‌ಗಿಂತ ಆರು ವರ್ಷ ಹಿರಿಯರು. ದಂಪತಿಗೆ ಮಕ್ಕಳಾಗಲಿಲ್ಲ. ಬರ್ತಾ ಅವರ ಅಣ್ಣನ ಆರು ವರ್ಷದ ಮಗಳು ಜೋಸೆಫೀನ್‌ಳನ್ನು 1887ರಲ್ಲಿ ಮನೆಗೆ ತಂದು ಸಾಕಿದರು.

ಕ್ಷ-ಕಿರಣಗಳ ಆವಿಷ್ಕಾರ

ಗಾಳಿಯನ್ನು ಬಹುತೇಕ ತೆಗೆದ ಗಾಜಿನ ನಳಿಕೆಯಲ್ಲಿ ಅಧಿಕ ವೋಲ್ಟೇಜಿನ ವಿದ್ಯುತ್ ಹರಿಸಿದಾಗ ಋಣ ತುದಿಯಿಂದ ಹೊರಡುವ ಕ್ಯಾಥೋಡ್ ಕಿರಣಗಳು ಆ ಕಾಲದ ಭೌತವಿಜ್ಞಾನಿಗಳ ಕುತೂಹಲದ ವಿಷಯವಾಗಿದ್ದವು. ಫಿಲಿಪ್ ಲೆನಾರ್ಡ್ ಅವರು ನಳಿಕೆಗೆ ತೆಳ್ಳಗಿನ ಅಲ್ಯೂಮಿನಿಯಂ ಕಿಟಕಿ ಇರಿಸಿ, ಈ ಕಿರಣಗಳನ್ನು ಕೆಲವು ಸೆಂಟಿಮೀಟರ್ ದೂರ ಗಾಳಿಗೆ ಹೊರತಂದಿದ್ದರು. ರಾಂಟ್ಜೆನ್ ಅದೇ ಪ್ರಯೋಗಗಳನ್ನು ಪುನಃ ಮಾಡಿ ನೋಡುತ್ತಿದ್ದರು.

ನವೆಂಬರ್ 8, ಶುಕ್ರವಾರ. ನಳಿಕೆಯನ್ನು ಕಪ್ಪು ರಟ್ಟಿನಿಂದ ಬಿಗಿಯಾಗಿ ಮುಚ್ಚಲಾಗಿತ್ತು, ಕೋಣೆ ಕತ್ತಲೆಯಾಗಿತ್ತು. ವಿದ್ಯುತ್ ಹರಿಸಿದಾಗ, ದೂರದಲ್ಲಿದ್ದ ಬೇರಿಯಂ ಪ್ಲಾಟಿನೋಸಯನೈಡ್ ಲೇಪಿಸಿದ ಪರದೆ ಮಂದವಾಗಿ ಹೊಳೆಯಿತು. ನಳಿಕೆಯಿಂದ ಬೆಳಕು ಹೊರಬರುವಂತಿಲ್ಲ. ಕ್ಯಾಥೋಡ್ ಕಿರಣಗಳು ಅಷ್ಟು ದೂರ ಬರುವಂತಿಲ್ಲ. ಪರದೆಯನ್ನು ಎರಡು ಮೀಟರ್ ದೂರ ಸರಿಸಿದರೂ ಹೊಳಪು ಕಾಣುತ್ತಿತ್ತು.

ತರಗತಿಗಳಲ್ಲಿ ಈ ಘಟನೆಯನ್ನು ಆಕಸ್ಮಿಕದ ಉದಾಹರಣೆಯಾಗಿ ಹೇಳುವ ವಾಡಿಕೆಯಿದೆ. ಪರದೆ ಹೊಳೆದದ್ದು ಆಕಸ್ಮಿಕ ಇದ್ದೀತು. ಅನಂತರದ ಏಳು ವಾರಗಳಲ್ಲಿ ಆಕಸ್ಮಿಕವಾದದ್ದು ಏನೂ ಇಲ್ಲ. ಆ ಏಳು ವಾರ ಅವರು ಹೆಚ್ಚುಕಡಿಮೆ ಪ್ರಯೋಗಾಲಯದಲ್ಲಿಯೇ ಕಳೆದರು. ಹೊಸ ಕಿರಣಗಳ ಹಾದಿಗೆ ಒಂದೊಂದೇ ವಸ್ತುವನ್ನು ಅಡ್ಡ ಹಿಡಿದು ನೋಡಿದರು. ಸಾವಿರ ಪುಟಗಳ ದಪ್ಪ ಪುಸ್ತಕದ ಹಿಂದೆಯೂ ಪರದೆ ಹೊಳೆಯಿತು. ಮರದ ಹಲಗೆ, ಇಸ್ಪೀಟು ಕಟ್ಟು, ರಬ್ಬರ್, ತೆಳು ಅಲ್ಯೂಮಿನಿಯಂ ಯಾವುವೂ ದೊಡ್ಡ ತಡೆಯಾಗಲಿಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ ಸೀಸ ಮಾತ್ರ ಬಹುತೇಕ ಪೂರ್ತಿ ತಡೆಯಿತು. ಕೈಯನ್ನು ನಡುವೆ ಹಿಡಿದಾಗ ಮಾಂಸದ ಮಸುಕಾದ ನೆರಳಿನೊಳಗೆ ಎಲುಬಿನ ಗಾಢ ನೆರಳು ಕಂಡಿತು. ಕಿರಣಗಳು ಛಾಯಾಚಿತ್ರದ ಫಲಕದ ಮೇಲೂ ಪರಿಣಾಮ ಬೀರುತ್ತವೆಂದು ತಿಳಿದೊಡನೆ, ಕಣ್ಣನ್ನು ಮಾತ್ರ ನಂಬಬೇಕಾದ ಕಷ್ಟ ತಪ್ಪಿತು. ಮುಚ್ಚಿದ ಪೆಟ್ಟಿಗೆಯೊಳಗಿನ ತೂಕದ ಬಟ್ಟುಗಳು, ದಿಕ್ಸೂಚಿ ಎಲ್ಲವೂ ಫಲಕದ ಮೇಲೆ ಮೂಡಿದವು.

ಡಿಸೆಂಬರ್ 22ರಂದು ಪತ್ನಿಯ ಕೈಯನ್ನು ಫಲಕದ ಮೇಲಿಡಿಸಿ, ಸುಮಾರು 15 ನಿಮಿಷ ಕಿರಣ ಹಾಯಿಸಿ ಚಿತ್ರ ತೆಗೆದರು. ಬೆರಳೆಲುಬುಗಳೂ ಅವುಗಳ ಮೇಲೆ ಉಂಗುರದ ಕಪ್ಪು ವೃತ್ತವೂ ಇರುವ ಆ ಚಿತ್ರ ಜಗತ್ಪ್ರಸಿದ್ಧ. ತನ್ನದೇ ಎಲುಬನ್ನು ಕಂಡ ಬರ್ತಾ ಅವರಿಗೆ ಸಾವಿನ ಮುನ್ಸೂಚನೆ ಕಂಡಂತಾಗಿ ನಡುಗಿದರೆಂದು ಹೇಳುವುದುಂಟು.

ಡಿಸೆಂಬರ್ 28ರಂದು ವುರ್ಟ್ಸ್‌ಬರ್ಗ್‌ನ ಭೌತ-ವೈದ್ಯಕೀಯ ಸಂಘಕ್ಕೆ ಅವರು ತಮ್ಮ ಮೊದಲ ಲೇಖನ ಒಪ್ಪಿಸಿದರು. ಸ್ವರೂಪ ತಿಳಿಯದ ಕಿರಣಗಳಾದ್ದರಿಂದ, ಬೀಜಗಣಿತದ ಅವ್ಯಕ್ತ ರಾಶಿಯ ಹೆಸರನ್ನೇ ಅವುಗಳಿಗೆ ಇಟ್ಟರು. ಕನ್ನಡದ ಕ್ಷ-ಕಿರಣ ಎಂಬ ಪದದಲ್ಲಿಯೂ ಅದೇ ಅರ್ಥ ಉಳಿದಿದೆ.

ಸಿಗದ ಉತ್ತರ

ಮೊದಲ ಲೇಖನದಲ್ಲಿ ಎಲುಬಿನ ಚಿತ್ರಗಳಿಗಿಂತ ಹೆಚ್ಚಿನ ಜಾಗ ಇನ್ನೊಂದು ವಿಚಾರಕ್ಕೆ ಮೀಸಲಾಗಿದೆ: ಇವು ಏನು? ಬೆಳಕಾದರೆ ಗಾಜಿನ ಅಶ್ರಗದಲ್ಲಿ ಬಾಗುತ್ತದೆ. ರಾಂಟ್ಜೆನ್ ನೀರು, ಕಾರ್ಬನ್ ಡೈಸಲ್ಫೈಡ್ ತುಂಬಿದ ಅಶ್ರಗಗಳನ್ನೂ ರಬ್ಬರ್, ಅಲ್ಯೂಮಿನಿಯಂ ಅಶ್ರಗಗಳನ್ನೂ ಇಟ್ಟು ನೋಡಿದರು. ಖಚಿತವಾಗಿ ಹೇಳಬಹುದಾದ ವಕ್ರೀಭವನ ಕಾಣಲಿಲ್ಲ. ಕನ್ನಡಿಯಲ್ಲಿ ಬೆಳಕು ಪ್ರತಿಫಲಿಸುವಂಥ ಕ್ರಮಬದ್ಧ ಪ್ರತಿಫಲನವೂ ಇಲ್ಲ. ಕ್ಯಾಥೋಡ್ ಕಿರಣಗಳಾದರೆ ಅಯಸ್ಕಾಂತಕ್ಕೆ ಬಾಗುತ್ತವೆ. ಇವು ಅದಕ್ಕೂ ಬಾಗಲಿಲ್ಲ.

ಅಲೆಯ ನಿಜವಾದ ಗುರುತು ವ್ಯತಿಕರಣ. ಎರಡು ಅಲೆಗಳ ಉಬ್ಬುಗಳು ಕೂಡಿದಲ್ಲಿ ಪ್ರಕಾಶ, ಉಬ್ಬೂ ತಗ್ಗೂ ಕೂಡಿದಲ್ಲಿ ಕತ್ತಲೆ. ಅದನ್ನು ಹುಡುಕಿದ ರಾಂಟ್ಜೆನ್, ತಮಗೆ ಅದು ಸಿಗಲಿಲ್ಲವೆಂದೂ, ಕಿರಣಗಳ ತೀವ್ರತೆ ಸಾಲದಿರುವುದೇ ಕಾರಣವಾಗಿರಬಹುದೆಂದೂ ದಾಖಲಿಸಿದರು. 1897ರ ಮೂರನೆಯ ಲೇಖನದಲ್ಲಿ ಕಿರಿದಾದ ಸೀಳುಗಳ ಮೂಲಕ ವಿವರ್ತನೆಯನ್ನು ಹುಡುಕಿದ ಪ್ರಸ್ತಾಪವಿದೆ. ಕೆಲವೊಮ್ಮೆ ಏನೋ ಕಂಡಂತಾದರೂ ಅದನ್ನು ಅವರು ಪ್ರಮಾಣವೆಂದು ಒಪ್ಪಿಕೊಳ್ಳಲಿಲ್ಲ. ಇವು ಈಥರ್ ಮಾಧ್ಯಮದ ಉದ್ದುದ್ದ ಕಂಪನಗಳಿರಬಹುದೇ ಎಂಬ ಅವರ ಊಹೆ ತಪ್ಪಾಗಿತ್ತು. ಅದನ್ನು ಊಹೆಯಾಗಿಯೇ ಇಟ್ಟರೆಂಬುದು ಅವರ ಗುಣ.

ಅವರ ಉಪಕರಣದಲ್ಲಿ ಉತ್ತರ ಸಿಗುವುದು ಕಠಿಣವಾಗಿತ್ತೆಂದು ಈಗ ನಮಗೆ ಗೊತ್ತು. ಕ್ಷ-ಕಿರಣಗಳ ತರಂಗಾಂತರ ಸುಮಾರು ಒಂದು ಪರಮಾಣುವಿನಷ್ಟು; ಕಣ್ಣಿಗೆ ಕಾಣುವ ಬೆಳಕಿನ ಕೆಲವು ಸಾವಿರದ ಒಂದು ಪಾಲು. ಅವು ಬಾಗುವ ಪ್ರಮಾಣ ಲಕ್ಷದಲ್ಲಿ ಒಂದರ ಆಸುಪಾಸಿನದು. ಇದರ ಮೇಲೆ ಇನ್ನೊಂದು ತೊಡಕು. ನಳಿಕೆಯಲ್ಲಿ ಪ್ರತಿಯೊಂದು ಎಲೆಕ್ಟ್ರಾನೂ ಗಾಜಿಗೋ ಲೋಹಕ್ಕೋ ತಾನೇ ಬಡಿದು, ತನ್ನದೇ ಕ್ಷಣದಲ್ಲಿ, ತನ್ನದೇ ಅಲೆಯನ್ನು ಹೊರಬಿಡುತ್ತದೆ. ಒಂದರ ಹೆಜ್ಜೆಗೂ ಮತ್ತೊಂದರ ಹೆಜ್ಜೆಗೂ ಸಂಬಂಧವಿಲ್ಲ. ಶಾಲೆಯ ಗಂಟೆ ಬಾರಿಸಿದಾಗ ಗೇಟಿನಿಂದ ಹೊರಗೋಡುವ ಮಕ್ಕಳ ಗುಂಪಿಗೂ ಆಗಸ್ಟ್ 15ರ ಕವಾಯತಿಗೂ ಇರುವ ವ್ಯತ್ಯಾಸವಿದು. ಕವಾಯತಿನಂಥ ಅಲೆಗಳನ್ನು ವಿಜ್ಞಾನಿಗಳು ಸುಸಂಬದ್ಧ ಎನ್ನುತ್ತಾರೆ.

ಕೀರ್ತಿ ಮತ್ತು ಕಹಿ

1896ರ ಜನವರಿ 1ರಂದು ರಾಂಟ್ಜೆನ್ ತಮ್ಮ ಲೇಖನವನ್ನೂ ಚಿತ್ರಗಳನ್ನೂ ಪರಿಚಿತ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಜನವರಿ 5ರಂದು ವಿಯೆನ್ನಾದ ಪತ್ರಿಕೆಯೊಂದು ಸುದ್ದಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಅದು ಲೋಕದ ತುಂಬ ಹರಡಿತು. ಜನವರಿ 13ರಂದು ಬರ್ಲಿನ್‌ನಲ್ಲಿ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಎದುರು ಪ್ರಯೋಗ ತೋರಿಸಿದರು. ಜನವರಿ 23ರಂದು ವುರ್ಟ್ಸ್‌ಬರ್ಗ್‌ನ ಉಪನ್ಯಾಸದಲ್ಲಿ ಹಿರಿಯ ಅಂಗರಚನಾ ಶಾಸ್ತ್ರಜ್ಞ ಆಲ್ಬರ್ಟ್ ಫಾನ್ ಕೋಲಿಕರ್ ಅವರ ಕೈಯ ಚಿತ್ರ ತೆಗೆದರು. ಇವನ್ನು ರಾಂಟ್ಜೆನ್ ಕಿರಣಗಳೆಂದು ಕರೆಯಬೇಕೆಂದು ಸೂಚಿಸಿದವರು ಕೋಲಿಕರ್. ಆ ಒಂದೇ ವರ್ಷದಲ್ಲಿ ಈ ಕಿರಣಗಳ ಬಗ್ಗೆ ಸಾವಿರಕ್ಕೂ ಹೆಚ್ಚು ಲೇಖನಗಳು ಬಂದವು.

ರಾಂಟ್ಜೆನ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ವೈದ್ಯರಿಗೂ ಉಪಕರಣ ತಯಾರಕರಿಗೂ ಆವಿಷ್ಕಾರ ಮುಕ್ತವಾಗಿ ಸಿಗಬೇಕೆಂಬುದು ಅವರ ನಿಲುವು. ಬವೇರಿಯಾದ ಅರಸೊತ್ತಿಗೆ ನೀಡಲು ಬಂದ ಕುಲೀನ ಪದವಿಯನ್ನೂ ಒಲ್ಲೆನೆಂದರು. 1901ರ ಡಿಸೆಂಬರ್ 10ರಂದು ಸ್ಟಾಕ್‌ಹೋಮ್‌ಗೆ ಹೋಗಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದರೂ ನೊಬೆಲ್ ಉಪನ್ಯಾಸ ಕೊಡಲಿಲ್ಲ. ಪ್ರಶಸ್ತಿಯ ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಮಹಾಯುದ್ಧದ ಬಳಿಕದ ಹಣದುಬ್ಬರದಲ್ಲಿ ಆ ನಿಧಿ ಬೆಲೆಯಿಲ್ಲದಂತಾಯಿತು.

ಲೆನಾರ್ಡ್ ಅವರ ಅಸಮಾಧಾನ ಜೀವನದುದ್ದಕ್ಕೂ ತಣಿಯಲಿಲ್ಲ. ಲೆನಾರ್ಡ್ ತಮ್ಮ ನಳಿಕೆಯ ವಿಚಾರದಲ್ಲಿ ರಾಂಟ್ಜೆನ್‌ಗೆ ನೆರವಾಗಿದ್ದರು. 1896ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕವನ್ನು ಇಬ್ಬರಿಗೂ ಹಂಚಲಾಗಿತ್ತು. ನೊಬೆಲ್ ಮಾತ್ರ ರಾಂಟ್ಜೆನ್‌ಗೆ ಒಬ್ಬರಿಗೇ ಹೋಯಿತು. 1905ರಲ್ಲಿ ತಮಗೇ ನೊಬೆಲ್ ಬಂದ ಮೇಲೂ ಲೆನಾರ್ಡ್ ಆ ನೋವನ್ನು ಮರೆಯಲಿಲ್ಲ. ದಾರಿ ತೋರಿಸಿದವರ ಋಣ ನಿಜವಾದದ್ದೇ; ಆದರೆ ಆ ಮಂದ ಹೊಳಪನ್ನು ಬಿಡದೆ ಬೆನ್ನಟ್ಟಿದವರು ರಾಂಟ್ಜೆನ್ ಎಂಬುದರಲ್ಲಿ ಸಂದೇಹವಿಲ್ಲ.

ಕಿರಣಗಳ ಅಪಾಯ ಆಗ ತಿಳಿದಿರಲಿಲ್ಲ. ರಾಂಟ್ಜೆನ್ ತಮ್ಮ ಪ್ರಯೋಗಗಳಿಗೆ ಸತುವಿನ ತಗಡಿನ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡು ಅದರೊಳಗೆ ಕೆಲಸ ಮಾಡಿದ್ದು ಅವರಿಗೆ ರಕ್ಷಣೆಯಾಯಿತು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಅಮೆರಿಕದಲ್ಲಿ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಈ ಕಿರಣಗಳ ಹುಣ್ಣುಗಳಿಂದ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು.

ಮ್ಯೂನಿಕ್ ಮತ್ತು 1912ರ ಪ್ರಯೋಗ

1900ರಲ್ಲಿ ಬವೇರಿಯಾ ಸರ್ಕಾರದ ಕೋರಿಕೆಯಂತೆ ರಾಂಟ್ಜೆನ್ ಮ್ಯೂನಿಕ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಕ್ಷ-ಕಿರಣಗಳ ಬಗ್ಗೆ ಅವರು ಬರೆದದ್ದು ಮೂರೇ ಲೇಖನ. ಇಲ್ಲಿ ಹೆಚ್ಚಾಗಿ ಹರಳುಗಳ ಗುಣಗಳ ಅಧ್ಯಯನದಲ್ಲಿ ತೊಡಗಿದರು. ರಷ್ಯಾದ ಅಬ್ರಾಮ್ ಐಯೊಫೆ ಅವರ ಶಿಷ್ಯರಾದದ್ದು ಈ ಕಾಲದಲ್ಲಿ. ಪ್ರಮಾಣ ಸಾಲದ ಊಹೆಯೆಂಬ ಕಾರಣಕ್ಕೆ ರಾಂಟ್ಜೆನ್ ಅವರ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಎಂಬ ಪದವನ್ನೇ ಬಳಸುವಂತಿರಲಿಲ್ಲವೆಂದು ಐಯೊಫೆ ನೆನಪಿಸಿಕೊಂಡಿದ್ದಾರೆ. ಸೈದ್ಧಾಂತಿಕ ಭೌತವಿಜ್ಞಾನಕ್ಕೆ 1906ರಲ್ಲಿ ಅರ್ನಾಲ್ಡ್ ಸಾಮರ್‌ಫೆಲ್ಡ್ ಮ್ಯೂನಿಕ್‌ಗೆ ಬಂದರು.

1912ರಲ್ಲಿ ಅಲ್ಲಿಯೇ ಇದ್ದ ಮ್ಯಾಕ್ಸ್ ಫಾನ್ ಲೌವೆ ಅವರಿಗೆ ಒಂದು ಯೋಚನೆ ಹೊಳೆಯಿತು. ಮನುಷ್ಯ ಕೊರೆಯುವ ಸೀಳುಗಳು ಕ್ಷ-ಕಿರಣಕ್ಕೆ ತೀರ ದೊಡ್ಡವು. ಆದರೆ ಹರಳಿನಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿವೆ, ಅವುಗಳ ನಡುವಣ ಅಂತರವೂ ಬೇಕಾದಷ್ಟೇ ಕಿರಿದು. ಹರಳೇ ಸೀಳುಗಳ ಜಾಲರಿಯಾಗಬಾರದೇಕೆ? ಪ್ರಯೋಗ ಮಾಡಿದವರು ವಾಲ್ಟರ್ ಫ್ರೀಡ್‌ರಿಕ್ ಮತ್ತು ಪಾಲ್ ನಿಪ್ಪಿಂಗ್. ಇಬ್ಬರೂ ರಾಂಟ್ಜೆನ್ ಅವರ ಬಳಿ ಸಂಶೋಧನೆ ಮಾಡಿದವರು. ಏಪ್ರಿಲ್‌ನಲ್ಲಿ ಮೈಲುತುತ್ತದ ಹರಳಿನ ಮೂಲಕ ಕಿರಣ ಹಾಯಿಸಿದಾಗ ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಕ್ಷ-ಕಿರಣಗಳು ಅಲೆಗಳೆಂಬುದೂ, ಹರಳಿನೊಳಗೆ ಪರಮಾಣುಗಳು ಕ್ರಮವಾಗಿ ಜೋಡಿಸಿಕೊಂಡಿವೆಯೆಂಬುದೂ ಒಂದೇ ಏಟಿಗೆ ಸಿದ್ಧವಾದವು. ಲೌವೆ ಅವರಿಗೆ 1914ರ ನೊಬೆಲ್ ಸಂದಿತು. ಇಂಗ್ಲೆಂಡಿನ ಬ್ರ್ಯಾಗ್ ತಂದೆಮಗ ಈ ಚುಕ್ಕೆಗಳಿಂದ ಪರಮಾಣುಗಳ ಜೋಡಣೆಯನ್ನು ಲೆಕ್ಕ ಹಾಕುವ ದಾರಿ ತೋರಿಸಿ 1915ರ ನೊಬೆಲ್ ಪಡೆದರು.

ಕೊನೆಯ ವರ್ಷಗಳು

ಮಹಾಯುದ್ಧದ ಆರಂಭದಲ್ಲಿ ಜರ್ಮನಿಯ ಪರವಾಗಿ 93 ಮಂದಿ ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ರಾಂಟ್ಜೆನ್ ಕೂಡ ಸಹಿ ಹಾಕಿದ್ದರು. ದೀರ್ಘಕಾಲ ಕಾಯಿಲೆಯಿಂದ ಬಳಲಿದ ಬರ್ತಾ 1919ರ ಅಕ್ಟೋಬರ್ 31ರಂದು ತೀರಿಕೊಂಡರು. ಮರುವರ್ಷ ರಾಂಟ್ಜೆನ್ ನಿವೃತ್ತರಾದರು. ಹಣದುಬ್ಬರ ಅವರ ಉಳಿತಾಯವನ್ನು ನುಂಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ನಿಧನರಾದರು. ಗೀಸೆನ್‌ನಲ್ಲಿ ಹೆತ್ತವರ ಮತ್ತು ಪತ್ನಿಯ ಸಮಾಧಿಯ ಬಳಿಯೇ ಅವರ ಅಸ್ಥಿಯನ್ನು ಇರಿಸಲಾಯಿತು. ಅವರ ಇಚ್ಛೆಯಂತೆ ವೈಜ್ಞಾನಿಕ ಟಿಪ್ಪಣಿಗಳನ್ನೂ ಪತ್ರಗಳನ್ನೂ ಸುಡಲಾಯಿತು. ನವೆಂಬರ್ 8ರ ಸಂಜೆ ನಿಖರವಾಗಿ ಏನು ನಡೆಯಿತೆಂಬುದಕ್ಕೆ ಅವರ ಕೈಬರಹದ ದಾಖಲೆಯಿಲ್ಲದಿರುವುದು ಇದರಿಂದಲೇ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ತುಂಬಲಾರದ ನಷ್ಟ.

ಸುಸಂಬದ್ಧ ಕ್ಷ-ಕಿರಣಗಳು

ಹರಳುಗಳಿಂದ ಪ್ರಮಾಣ ಸಿಕ್ಕಿದರೂ ರಾಂಟ್ಜೆನ್ ಬರೆದಿಟ್ಟ ತೀವ್ರತೆಯ ಕೊರತೆ ಹಾಗೆಯೇ ಉಳಿಯಿತು. ನಳಿಕೆ ಎಷ್ಟು ಸುಧಾರಿಸಿದರೂ ಎಲೆಕ್ಟ್ರಾನುಗಳು ತಮ್ಮ ತಮ್ಮ ಪಾಡಿಗೆ ಕಿರಣ ಬಿಡುವುದು ತಪ್ಪಲಿಲ್ಲ. ಪರಿಹಾರ ಬಂದದ್ದು ಎಲೆಕ್ಟ್ರಾನುಗಳನ್ನು ಯಾವುದಕ್ಕೂ ಬಡಿಯದಂತೆ ಓಡಿಸುವ ಉಪಾಯದಿಂದ. ಉತ್ತರ ಧ್ರುವ, ದಕ್ಷಿಣ ಧ್ರುವ ಒಂದಾದ ಮೇಲೊಂದು ಬರುವಂತೆ ಅಯಸ್ಕಾಂತಗಳನ್ನು ಸಾಲಾಗಿ ಇಟ್ಟು, ನಡುವೆ ಬೆಳಕಿನ ವೇಗಕ್ಕೆ ಅತಿ ಸಮೀಪದ ವೇಗದಲ್ಲಿ ಎಲೆಕ್ಟ್ರಾನುಗಳನ್ನು ಹಾಯಿಸಿದರೆ ಅವು ಹಾವಿನಂತೆ ಬಳುಕುತ್ತ ಸಾಗಿ ವಿಕಿರಣ ಸೂಸುತ್ತವೆ. ಹಾನ್ಸ್ ಮೋಟ್ಸ್ 1950ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇದನ್ನು ಕಟ್ಟಿ ತೋರಿಸಿದರು. 1971ರಲ್ಲಿ ಜಾನ್ ಮೇಡಿ ಇದೇ ಏರ್ಪಾಟಿನಿಂದ ಲೇಸರ್ ಮಾಡಬಹುದೆಂದು ಸೂಚಿಸಿ, ಆ ದಶಕದಲ್ಲಿಯೇ ಅವಕೆಂಪು ಕಿರಣದಲ್ಲಿ ಸಾಧಿಸಿದರು. ಎಲೆಕ್ಟ್ರಾನುಗಳು ಯಾವ ಪರಮಾಣುವಿಗೂ ಬಂಧಿತವಾಗಿರದ್ದರಿಂದ ಇದಕ್ಕೆ ಮುಕ್ತ ಎಲೆಕ್ಟ್ರಾನ್ ಲೇಸರ್ ಎಂದು ಹೆಸರು.

ಇದರ ಮರ್ಮ ಹೀಗಿದೆ. ಮೊದಮೊದಲು ಎಲೆಕ್ಟ್ರಾನುಗಳು ಗೊತ್ತುಗುರಿಯಿಲ್ಲದೆ ಕಿರಣ ಸೂಸುತ್ತವೆ. ಆ ಕಿರಣವೇ ಜೊತೆಯಲ್ಲಿ ಸಾಗುತ್ತ ಕೆಲವು ಎಲೆಕ್ಟ್ರಾನುಗಳನ್ನು ಸ್ವಲ್ಪ ಮುಂದೂಡುತ್ತದೆ, ಕೆಲವನ್ನು ಹಿಂದೆಳೆಯುತ್ತದೆ. ಬರುಬರುತ್ತ ಅವು ಒಂದೊಂದು ತರಂಗಾಂತರಕ್ಕೆ ಒಂದರಂತೆ ತೆಳ್ಳಗಿನ ಪದರಗಳಾಗಿ ಕೂಡಿಕೊಳ್ಳುತ್ತವೆ. ಆಮೇಲೆ ಎಲ್ಲವೂ ಒಂದೇ ಹೆಜ್ಜೆಯಲ್ಲಿ ಕಿರಣ ಬಿಡುತ್ತವೆ. ಹೆಜ್ಜೆ ತಪ್ಪಿದ ಸಾವಿರ ಎಲೆಕ್ಟ್ರಾನುಗಳ ಬೆಳಕು ಒಂದರ ಬೆಳಕಿನ ಸಾವಿರ ಪಟ್ಟು. ಹೆಜ್ಜೆ ಕೂಡಿಸಿದ ಸಾವಿರ ಎಲೆಕ್ಟ್ರಾನುಗಳದ್ದು ಹತ್ತು ಲಕ್ಷ ಪಟ್ಟು.

ಕ್ಷ-ಕಿರಣಗಳಿಗೆ ಕನ್ನಡಿ ಒದಗಿಸುವುದು ಕಷ್ಟವಾದ್ದರಿಂದ, ಒಂದೇ ಸಲ ಹಾದುಹೋಗುವಾಗಲೇ ಈ ವರ್ಧನೆ ಮುಗಿಯಬೇಕು. 1992ರಲ್ಲಿ ಕ್ಲಾಡಿಯೊ ಪೆಲೆಗ್ರಿನಿ ಸ್ಟ್ಯಾನ್‌ಫರ್ಡ್‌ನ ಮೂರು ಕಿಲೋಮೀಟರ್ ಉದ್ದದ ಹಳೆಯ ವೇಗೋತ್ಕರ್ಷಕವನ್ನು ಇದಕ್ಕೆ ಬಳಸಬಹುದೆಂದು ಸೂಚಿಸಿದರು. ಅದರ ಕೊನೆಯ ಒಂದು ಕಿಲೋಮೀಟರ್ ಭಾಗವನ್ನು ಬಳಸಿ, ಮುಂದೆ ನೂರು ಮೀಟರಿಗೂ ಹೆಚ್ಚು ಉದ್ದಕ್ಕೆ ಅಯಸ್ಕಾಂತಗಳ ಸಾಲು ಜೋಡಿಸಲಾಯಿತು. 2009ರ ಏಪ್ರಿಲ್‌ನಲ್ಲಿ ಅಲ್ಲಿ 1.5 ಆಂಗ್‌ಸ್ಟ್ರಾಮ್ ತರಂಗಾಂತರದ ಲೇಸರ್ ಕ್ಷ-ಕಿರಣ ಹೊಮ್ಮಿತು. ಧ್ರುವಗಳು ಮೂರು ಸೆಂಟಿಮೀಟರಿಗೊಮ್ಮೆ ಪುನರಾವರ್ತನೆಯಾಗುವ ಸಾಲಿನಿಂದ, ಎಲೆಕ್ಟ್ರಾನುಗಳ ಮಹಾವೇಗದ ಕಾರಣ ಸುಮಾರು 20 ಕೋಟಿ ಪಟ್ಟು ಕುಗ್ಗಿದ ಅಲೆ ಬರುತ್ತದೆ. ಒಂದೊಂದು ಮಿಡಿತದಲ್ಲಿ ಸುಮಾರು ಲಕ್ಷ ಕೋಟಿ ಫೋಟಾನುಗಳು. ಅದರ ಅವಧಿ ಕೆಲವು ಹತ್ತು ಫೆಮ್ಟೊಸೆಕೆಂಡ್, ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಹತ್ತಾರು ಪಾಲು ಎಂಬಷ್ಟು.

ಇಂಥ ಮಿಡಿತ ಬಿದ್ದ ಸೂಕ್ಷ್ಮ ಹರಳು ಛಿದ್ರವಾಗುತ್ತದೆ. ಆದರೆ ಒಡೆಯುವ ಮೊದಲೇ ವಿವರ್ತನೆಯ ಚಿತ್ರ ಮೂಡಿಬಿಟ್ಟಿರುತ್ತದೆ. ದೊಡ್ಡ ಹರಳುಗಳಾಗಿ ಬೆಳೆಯದ ಪ್ರೋಟೀನುಗಳ ರಚನೆಯನ್ನು ಈ ಕ್ರಮದಿಂದ ಅರಿಯಬಹುದೆಂದು 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ರಯೋಗ ತೋರಿಸಿತು. ಗೊತ್ತುಗುರಿಯಿಲ್ಲದ ಆರಂಭದಿಂದಾಗಿ ಮಿಡಿತದ ಉದ್ದಕ್ಕೂ ಹೆಜ್ಜೆ ಪೂರ್ತಿ ಕೂಡಿರುವುದಿಲ್ಲವೆಂಬ ಕೊರತೆಯಿತ್ತು. ನಡುವೆ ತೆಳು ವಜ್ರದ ಹರಳನ್ನಿಟ್ಟು 2012ರಲ್ಲಿ ಅದನ್ನು ಬಹುಮಟ್ಟಿಗೆ ನೀಗಿಸಿದರು.

ಜಪಾನಿನಲ್ಲಿ 2011ರಲ್ಲಿ ಇಂಥ ಲೇಸರ್ ಸಿದ್ಧವಾಯಿತು. ರಾಂಟ್ಜೆನ್ ಅವರ ಜರ್ಮನಿಯಲ್ಲಿ, ಹ್ಯಾಂಬರ್ಗ್‌ನಿಂದ ನೆರೆಯ ಶೆನೆಫೆಲ್ಡ್‌ವರೆಗೆ 3.4 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಯೂರೋಪಿನ ಹಲವು ದೇಶಗಳು ಸೇರಿ ಕಟ್ಟಿದ ಯಂತ್ರ 2017ರಲ್ಲಿ ಕೆಲಸ ಆರಂಭಿಸಿತು. ಸೆಕೆಂಡಿಗೆ 27,000 ಮಿಡಿತಗಳನ್ನು ಕೊಡುವಂತೆ ಅದನ್ನು ರೂಪಿಸಲಾಗಿದೆ.

ಸ್ಮರಣೆ

ಹುಟ್ಟೂರು ಲೆನ್ನೆಪ್‌ನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ವುರ್ಟ್ಸ್‌ಬರ್ಗ್‌ನಲ್ಲಿ ಆವಿಷ್ಕಾರ ನಡೆದ ಪ್ರಯೋಗಾಲಯವನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಅದರ ಮುಂದಿನ ರಸ್ತೆಗೂ ಅವರದೇ ಹೆಸರು. 1994ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಸೃಷ್ಟಿಸಿದ 111ನೆಯ ಧಾತುವಿಗೆ 2004ರಲ್ಲಿ ರಾಂಟ್ಜೆನಿಯಂ ಎಂದು ಹೆಸರಿಡಲಾಯಿತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಇವು ರಾಂಟ್ಜೆನ್ ಕಿರಣಗಳು. ರಾಂಟ್ಜೆನ್ ಅವರಾದರೋ ಕೊನೆಯವರೆಗೂ ತಾವಿಟ್ಟ ಅವ್ಯಕ್ತದ ಹೆಸರನ್ನೇ ಮೆಚ್ಚುತ್ತಿದ್ದರು.